ಅರಮನೆ ಮಾಡಿನ ಹುಲ್ಲು

ಬೀಜಿಂಗಿನ ಅರಮನೆಗೆ ಜನ ಚಕ್ರವರ್ತಿಯ ಸಿಂಹಾಸನ ನೋಡಲು ಹೋಗುತ್ತಾರೆ. ಲುವಾನ್ ಶೂಲಾನ್ ಹೋಗುತ್ತಿದ್ದದ್ದು ಹಗೆ ತೀರಿಸಿಕೊಳ್ಳಲು. ವಸಂತ ಬಂತೆಂದರೆ ಸಾಕು, ಟಿಕೆಟ್ ತೆಗೆದುಕೊಂಡು, ಬಿಸಿನೀರಿನ ಫ್ಲಾಸ್ಕ್ ಹೆಗಲಿಗೇರಿಸಿ, ಬಾಡಿಗೆಯ ರಾಣಿವೇಷದಲ್ಲಿ ಫೋಟೋ ತೆಗೆಸಿಕೊಳ್ಳುವ ಹುಡುಗಿಯರನ್ನು ದಾಟಿಕೊಂಡು ನೇರ ಹಿಂದಿನ ಅಂಗಳಕ್ಕೆ ನಡೆಯುತ್ತಿದ್ದಳು. ಅಲ್ಲಿಯ ಮಾಡಿಗೆ ಹಳದಿ ಹೆಂಚು ಹೊದಿಸಿದವನು ಗೌ ಚಾಂಗ್‌ಮಿಂಗ್.

ಗೌ ಮತ್ತು ಅವಳ ಗಂಡ ಬಾವ್‌ಲ್ಯಾಂಗ್ ಒಬ್ಬನೇ ಗುರುವಿನ ಕಾಲಿಗೆ ಬಿದ್ದು ಕಸುಬು ಕಲಿತವರು. ಹೆಂಚು ಕೂರಿಸಲು ಅಡಿಗೆ ಹಾಕುವ ಮಣ್ಣಿನಲ್ಲಿ ಒಂದು ಬೀಜ, ಒಂದು ಬೇರು ಉಳಿಯದಂತೆ ಜರಡಿ ಹಿಡಿಯಬೇಕು. ಮಾಡಿನ ಮೇಲೆ ಹುಲ್ಲು ಎದ್ದರೆ ಹೊದಿಸಿದವನ ಮಾನ ಹೋದಂತೆ. ಇಬ್ಬರಲ್ಲಿ ಒಬ್ಬ ಮೇಸ್ತ್ರಿಯಾಗಬೇಕಿದ್ದ ವರ್ಷವೇ ಬಾವ್‌ಲ್ಯಾಂಗ್ ಹೊದಿಸಿದ ಕಡೆ ಒಂದು ಹಿಡಿ ಹುಲ್ಲು ಎದ್ದಿತು. ಗೌ ಗುರುವಿನ ಮುಂದೆ, "ಜರಡಿ ಹಿಡೀದೆ ಮಣ್ಣು ಸುರ್ದ, ನಾನೇ ಕಣ್ಣಾರೆ ನೋಡ್ದೆ" ಎಂದುಬಿಟ್ಟ. ಹಸಿ ಸುಳ್ಳು! ಆ ಮಣ್ಣಿಗೆ ಜರಡಿ ಹಿಡಿದವಳು ಸ್ವತಃ ಶೂಲಾನ್. ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ? ಗುರು ಬಾವ್‌ಲ್ಯಾಂಗನ ಕೈಯಿಂದ ಕರಣೆ ಕಿತ್ತುಕೊಂಡ. ಆಮೇಲೆ ಅವನು ಯಾವ ಮಾಡನ್ನೂ ಹತ್ತಲಿಲ್ಲ, ಕುಡಿದು ಕುಡಿದು ಎರಡು ವರ್ಷಕ್ಕೇ ಸತ್ತ.

ಅಳುತ್ತ ಕೂರುವ ಹೆಂಗಸಲ್ಲ ಶೂಲಾನ್. ಗೌನ ಮಾಡಿನ ಮೇಲೂ ಹುಲ್ಲು ಏಳಬೇಕು, ಅವನ ಮಾನವೂ ನಾಲ್ಕು ಜನರ ಎದುರು ಮಣ್ಣುಪಾಲಾಗಬೇಕು. ಅದಕ್ಕೇ ಕೈಚೀಲದಲ್ಲಿ ಸಿಪ್ಪೆ ಬಿಡಿಸದ ನವಣೆ ಒಯ್ದು ಆ ಮಾಡಿನ ಕೆಳಗೆ ಕಾಗೆ ಗುಬ್ಬಿಗಳಿಗೆ ಎರಚುತ್ತಿದ್ದಳು. ಕೊಕ್ಕಿನಲ್ಲಿ ಕಚ್ಚಿಕೊಂಡು ಮೇಲೆ ಹಾರಿದವು ನಾಲ್ಕು ಕಾಳು ಉದುರಿಸಿಯಾವು ಎಂಬ ಆಸೆ.

"ಏನಜ್ಜೀ, ಮತ್ತೆ ಗಲೀಜು ಮಾಡ್ತಿದೀರಾ?" ಎಂದು ಕಾವಲುಗಾರ ಗದರುತ್ತಿದ್ದ.

"ಪುಣ್ಯದ ಕೆಲ್ಸ ಕಣಪ್ಪಾ, ನಿಂಗೂ ಸ್ವಲ್ಪ ಬರುತ್ತೆ ಬಿಡು."

ಹನ್ನೊಂದು ವರ್ಷ ಮಾಡು ಬೋಳಾಗಿಯೇ ಇತ್ತು. ಹನ್ನೆರಡನೆಯ ಬೇಸಗೆಯಲ್ಲಿ ಹೆಂಚಿನ ಸಂದಿಯಲ್ಲಿ ಹಸಿರು ಕಂಡಾಗ ಶೂಲಾನ್ ಪ್ರವಾಸಿಗರ ನಡುವೆ ನಿಂತು ಜೋರಾಗಿ ನಕ್ಕುಬಿಟ್ಟಳು.

ಮೊಬೈಲಿನಲ್ಲಿ ಆ ಹುಲ್ಲಿನ ಫೋಟೋ ಹಿಡಿದು ಅವಳು ಹೋದದ್ದು ಗೌನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ. ಶಿಷ್ಯರೆಲ್ಲ ಸುತ್ತ ಕೂತು ದೀರ್ಘಾಯುಷ್ಯದ ನೂಡಲ್ಸ್ ತಿನ್ನುತ್ತಿದ್ದರು.

"ಏನ್ ಭಾವ, ಚೆನ್ನಾಗಿದೀರಾ? ತಗೊಳ್ಳಿ ಉಡುಗೊರೆ. ನಿಮ್ಮ ಮಾಡು, ನಿಮ್ಮ ಹುಲ್ಲು. ಜರಡಿ ಎಲ್ಲಿಗೆ ಹೋಗಿತ್ತು?"

ಮೊಬೈಲು ಕೈಯಿಂದ ಕೈಗೆ ದಾಟಿತು. ಶಿಷ್ಯರು ಮುಖ ಮುಖ ನೋಡಿಕೊಂಡರು. ಗೌ ಅದನ್ನು ಕಿತ್ತುಕೊಂಡು ಕನ್ನಡಕ ಏರಿಸಿದ.

"ಲೇ, ಇದು ನವಣೆ ಕಣ್ರೋ! ಹಕ್ಕಿ ತಂದು ಹಾಕಿರೋದು. ಮಣ್ಣು ಎಷ್ಟೇ ಚೊಕ್ಕವಾಗಿರ್ಲಿ, ಸಂದೀಲಿ ಧೂಳು ಕೂತ್ರೆ ಹುಟ್ಟೇ ಹುಟ್ಟುತ್ತೆ. ಅದಕ್ಕೆ ಹೊದಿಸ್ದೋನು ಏನ್ ಮಾಡ್ತಾನೆ?"

ಅವನ ಮುಖಕ್ಕೆ ಮಸಿ ಬಳಿದು ಹೋಗಲು ಬಂದವಳು ಶೂಲಾನ್. ಈ ಮಾತು ಅವನ ಬಾಯಿಂದಲೇ ಬಂದೀತೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ಇನ್ನೊಂದ್ಸಲ ಹೇಳಿ ಭಾವ. ಎಲ್ರಿಗೂ ಕೇಳೋ ಹಾಗೆ."

ಹಿರಿಯ ಶಿಷ್ಯ ಊಟದ ಕಡ್ಡಿಗಳನ್ನು ಕೆಳಗಿಟ್ಟ. "ಗುರುಗಳೇ, ಬಾವ್‌ಲ್ಯಾಂಗ್ ಚಿಕ್ಕಪ್ಪನ್ನ ಹೊರಗೆ ಹಾಕಿಸಿದ್ದು ಇಂಥದೇ ಹುಲ್ಲಿಗಲ್ವಾ?"

ಗೌ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟ. ಶೂಲಾನ್ ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಹುಡುಗ ಕೇಳ್ತಿದಾನಲ್ಲ, ಹೇಳಿ. ಕೇಳೋಕೆ ಅವರಿಲ್ಲ, ನಾನಿದೀನಿ."