ರಜಿಸ್ಟರಿನಲ್ಲಿ ಭರ್ತಿ

ನಮ್ಮೂರಿಗೆ ನೀರು ಬಿಡುತ್ತಿದ್ದ ಗುಡದಪ್ಪ ಆರು ವರ್ಷ ದಿನಾ ಬೆಳಿಗ್ಗೆ ರಜಿಸ್ಟರಿನಲ್ಲಿ ‘ಟಾಕಿ ಭರ್ತಿ’ ಎಂದು ಬರೆದ. ಆರು ವರ್ಷವೂ ಅರ್ಧವೇ ತುಂಬಿಸಿದ. ಕಂಬಗಳ ಮೇಲಿನ ಆ ನೀರಿನ ಟಾಕಿ ಹೊಸದಿದ್ದಾಗ ಪೂರ್ತಿ ತುಂಬಿಸಿ ಏಣಿ ಹತ್ತಿದ್ದ. ಗಾಳಿಗೆ ಅದು ಕಾಲಡಿಯೇ ತೂಗಾಡಿತ್ತು. ಹೇಳಲು ಹೋದರೆ ಓವರ್‌ಸಿಯರ್, “ನೀ ಏನ ಎಂಜಿನಿಯರ್ ಅದಿ ಏನಲೇ? ಭರ್ತಿ ಮಾಡು, ಭರ್ತಿ ಅಂತ ಬರಿ” ಎಂದರು. ಗುಡದಪ್ಪ ಎರಡನೆಯ ಮಾತನ್ನಷ್ಟೇ ಪಾಲಿಸಿದ. ಎರಡು ಹೊತ್ತು ಪಂಪು ನಡೆಸಿ ಊರಿಗೆ ನೀರು ಕಡಿಮೆಯಾಗದಂತೆ ನೋಡಿಕೊಂಡ. ಅವನ ಹೆಂಡತಿ ರೇಣುಕವ್ವ ಕೊಡ ಹಿಡಿದು ನಿಲ್ಲುವ ನಳ ಇದ್ದದ್ದು ಆ ಟಾಕಿಯ ಬುಡದಲ್ಲೇ.

೧೯೭೭ರಲ್ಲಿ, ಟಾಕಿಯ ಗೋಡೆ ಏರಿಸಿ ಇನ್ನಷ್ಟು ನೀರು ನಿಲ್ಲಿಸಬಹುದೇ ಎಂದು ನೋಡಲು ಶಂಭುಲಿಂಗಪ್ಪ ಎಂಬ ಎಂಜಿನಿಯರು ಬಂದರು. ನಕಾಶೆ ನೋಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿಕೊಂಡೇ ಬಂದಿದ್ದರು. ತುಂಬಿದ ಟಾಕಿಯನ್ನು ಜಗ್ಗಿ ಬಿಟ್ಟರೆ ಇಪ್ಪತ್ತು ಸೆಕೆಂಡಿಗೆ ಹದಿನಾರು ಸಲ ತೂಗಾಡಬೇಕಂತೆ. ಕಂಪ್ಯೂಟರು ನಮ್ಮೂರನ್ನು ಕಂಡಿರಲಿಲ್ಲ.

ನೆತ್ತಿಗೆ ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ಜಗ್ಗಿ, ಹಗ್ಗ ಕಡಿದರು. ಮೇಲಿಟ್ಟ ಯಂತ್ರ ಪ್ರತಿ ತೂಗಾಟವನ್ನೂ ಕಾಗದದ ಮೇಲೆ ಗೀಚಿತು. ಎಣಿಸಿದರೆ ಹದಿನೇಳು.

ಮುಚ್ಚಳ ತೆಗೆದು ಒಳಗೆ ಇಣುಕುವ ಗೋಜಿಗೆ ಯಾರೂ ಹೋಗಲಿಲ್ಲ, ಸರಕಾರಿ ರಜಿಸ್ಟರು ಇತ್ತಲ್ಲ.

“ಒಂದು ಹೆಚ್ಚು ಬಂತಂದ್ರ ಕಂಬ ನಾವು ತಿಳದದ್ದಕ್ಕಿಂತ ಗಟ್ಟಿ ಅದಾವ” ಎಂದರು ಶಂಭುಲಿಂಗಪ್ಪ. “ಕಂಪ್ಯೂಟರಿನ ಲೆಕ್ಕ ತಿದ್ದೂಣು. ಎರಡು ಫೂಟು ಗ್ವಾಡಿ ಏರಸ್ಲಿಕ್ಕೆ ಅಡ್ಡಿಯಿಲ್ಲ.”

ಆ ಮಾತಿನಲ್ಲಿ ಗುಡದಪ್ಪನಿಗೆ ತಿಳಿದದ್ದು ಎರಡು ಫೂಟು ಮಾತ್ರ. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ. ಅವನು ನಳದ ಕಡೆ ನೋಡಿದ.

“ಸಾಹೇಬ್ರ, ಟಾಕಿ ಅರ್ಧಾ ಐತ್ರಿ.”

“ರಜಿಸ್ಟರದಾಗ ಭರ್ತಿ ಅಂತ ಐತಲ್ಲ?”

“ರಜಿಸ್ಟರ್ ಭರ್ತಿ ಐತ್ರಿ. ಟಾಕಿ ಅರ್ಧಾ ಐತ್ರಿ.”

ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಂದೇ.

ಜನರನ್ನು ದೂರ ಕಳಿಸಿ, ನಿಜವಾಗಿ ಭರ್ತಿ ಮಾಡಿ, ಮತ್ತೆ ಜಗ್ಗಿದರು. ಹದಿನಾಲ್ಕು. ಶಂಭುಲಿಂಗಪ್ಪ ಎರಡು ಸಲ ಎಣಿಸಿ, ಬೆವರು ಒರೆಸಿಕೊಂಡರು.

“ನೀರು ಕಡಿಮಿ ಇತ್ತು, ಅದಕ್ಕ ಲಗೂ ಲಗೂ ತೂಗಾಡೇತಿ. ನಾವು ಅದನ್ನ ಕಂಬದ ಬಲ ಅಂತ ತಿಳಕೊಂಡ್ವಿ. ಖರೇ ಅಂದ್ರ ಕಂಬ ಲೆಕ್ಕದಾಗಿನಕಿಂತ ಮೆತ್ತಗ ಅದಾವ. ನೀರು ಬಿಡ್ರಿ, ಈಗ ಬಿಡ್ರಿ.”

ಕಂಪ್ಯೂಟರಿನ ಲೆಕ್ಕ ತಿದ್ದಿದರು. ತಿಂಗಳ ನಂತರ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಒಂದರಲ್ಲಿ, ಇನ್ನು ಮುಂದೆ ಟಾಕಿಯನ್ನು ಅರ್ಧ ಮಾತ್ರ ತುಂಬಿಸತಕ್ಕದ್ದು ಎಂದಿತ್ತು. ಇನ್ನೊಂದರಲ್ಲಿ, ಆರು ವರ್ಷ ಅರ್ಧ ಮಾತ್ರ ತುಂಬಿಸಿದ್ದಕ್ಕಾಗಿ ಗುಡದಪ್ಪನನ್ನು ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು.

ಗುಡದಪ್ಪ ರಜಿಸ್ಟರಿನಲ್ಲಿ ಮೊದಲ ಸಲ ‘ಅರ್ಧ’ ಎಂದು ಬರೆದ. ಕೀಲಿಕೈ ಒಪ್ಪಿಸಿ ಹೋಗಿ ಟಾಕಿಯ ಬುಡದಲ್ಲಿ, ರೇಣುಕವ್ವನ ಹಿಂದೆ, ಕೊಡ ಹಿಡಿದು ಸರದಿಗೆ ನಿಂತ.