ನಾಳೆ ಇಳಿಯುವ ವೆಲ್ದಾಯ್

ನಮ್ಮ ಟಿಗ್ರಾಯ್ ಸೀಮೆಯಲ್ಲಿ ಚಿರತೆ ಕೊಂದವರಿದ್ದಾರೆ, ಇಟಲಿಯವರ ಫಿರಂಗಿ ಕಸಿದುಕೊಂಡವರಿದ್ದಾರೆ. ಹತ್ತೊಂಬತ್ತು ವರ್ಷ ಒಂದೇ ಬಂಡೆಯ ಮೇಲೆ ಕೂತು ಕೀರ್ತಿ ಗಳಿಸಿದವನು ಮಾತ್ರ ವೆಲ್ದಾಯ್ ಒಬ್ಬನೇ.

ಅಂಬಾ ಹರ್ಮಾಜ್ ಎಂಬ ಆ ಬಂಡೆಗೆ ಮೆಟ್ಟಿಲಿಲ್ಲ. ಮೂವತ್ತೈದು ಮೊಳದ ನೇರ ಗೋಡೆ, ಅದರ ನೆತ್ತಿಯಿಂದ ಇಳಿಬಿಟ್ಟ ಚರ್ಮದ ಹಗ್ಗ, ಅಷ್ಟೆ. ಮೇಲೆ ಕ್ರೈಸ್ತ ಮಠ. ಅಲ್ಲಿಗೆ ಹೆಣ್ಣು ಕಾಲಿಡುವಂತಿಲ್ಲ. ಹಸು, ಮೇಕೆ, ಕೋಳಿಗೂ ಅದೇ ಕಟ್ಟಳೆ. ವೆಲ್ದಾಯನ ಹೆಂಡತಿ ಜಾಫು ಮಗುವಾದರೆ ಮಠಕ್ಕೊಂದು ಎತ್ತು ಕೊಡುತ್ತೇನೆಂದು ಹರಕೆ ಹೊತ್ತಳು. ಬಸಿರು ನಿಂತಿತು. ವೆಲ್ದಾಯ್ ಎತ್ತು ಹೊಡೆದುಕೊಂಡು ಹೋದ. ಹೊಟ್ಟೆಗೆ ಹಗ್ಗ ಬಿಗಿದು ಎಳೆದಾಗ ಎತ್ತು ಮೆಲುಕು ಹಾಕುತ್ತಲೇ ಮೇಲೇರಿತು. ಹಿಂದೆಯೇ ವೆಲ್ದಾಯನನ್ನು ಎಳೆದರು. ಅವನ ಕೂಗು ಮೂರು ಹಳ್ಳಿಗೆ ಕೇಳಿಸಿತು.

ಎತ್ತನ್ನು ಒಪ್ಪಿಸಿ, ಪ್ರಾರ್ಥನೆ ಮುಗಿಸಿ, ಇಳಿಯಲೆಂದು ಅಂಚಿಗೆ ಬಂದ. ಒಮ್ಮೆ ಕೆಳಗೆ ಬಗ್ಗಿ ನೋಡಿದ. ಕಾಲೆರಡೂ ಅವನ ಅಪ್ಪಣೆ ಕೇಳದೆ ಕೂತುಬಿಟ್ಟವು.

"ನಾಳೆ ಇಳೀತೀನಿ" ಎಂದ.

ಮರುದಿನ ಗಾಳಿ ಜೋರಿತ್ತು. ಅದರ ಮರುದಿನ ಬುಧವಾರದ ಉಪವಾಸ. ಆಮೇಲೆ ಮಳೆ, ಬಂಡೆ ಜಾರುತ್ತದೆ. ಆಮೇಲೆ ದೊಡ್ಡ ಉಪವಾಸದ ಐವತ್ತೈದು ದಿನ, ಮೈಯಲ್ಲಿ ಕಸುವಿಲ್ಲ. ಅಷ್ಟರಲ್ಲಿ ಕೆಳಗೆ ಮಗಳು ಅಜ್ಮೆರಾ ಹುಟ್ಟಿದಳು. ಸುಮ್ಮನೆ ಕೂತು ಉಣ್ಣುವುದು ಬೇಡವೆಂದು ಮಠದ ಹಿರಿಯ ಪಾದ್ರಿ ಅಬ್ಬಾ ಹಡೆರಾ ಅವನಿಗೆ ಹಗ್ಗ ಎಳೆಯುವ ಕೆಲಸ ಕೊಟ್ಟರು. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಕಲ್ಲಿಗೆ ಕಾಲು ಕೊಟ್ಟು, ಕಣ್ಣು ಮುಚ್ಚಿಕೊಂಡು ಎಳೆಯುತ್ತಿದ್ದ. ಆರು ಮಂದಿಯ ಕೆಲಸ ಒಬ್ಬನೇ ಮಾಡುತ್ತ ಬೈಬಲಿನ ಬಲಶಾಲಿ ಸಂಸೋನನಂತಾದ. ಸಾವಿರಾರು ಯಾತ್ರಿಕರನ್ನು ಹತ್ತಿಸಿದ, ಇಳಿಸಿದ. ತಾನು ಇಳಿಯಲಿಲ್ಲ.

"ಇವರ್ಯಾಕೆ ಇಳಿಯಲ್ಲ?" ಎಂದು ಯಾತ್ರಿಕನೊಬ್ಬ ಕೇಳಿದ. ಅಬ್ಬಾ ಹಡೆರಾ ಸುಳ್ಳು ಹೇಳಲಾರದೆ, ನಿಜ ಹೇಳಲು ಮನಸ್ಸಾಗದೆ, "ಅದು ಅವನಿಗೂ ದೇವರಿಗೂ ಬಿಟ್ಟ ವಿಷಯ" ಎಂದರು. ಅಷ್ಟು ಸಾಕಾಯಿತು. ಒಂದೇ ವರ್ಷದಲ್ಲಿ ವೆಲ್ದಾಯ್ ನೆಲ ಮುಟ್ಟದ ವ್ರತಸ್ಥನಾಗಿಬಿಟ್ಟ. ಜನ ಕೈಗೆ ಮುತ್ತಿಟ್ಟು ಹೊಟ್ಟೆನೋವಿಗೆ ಪರಿಹಾರ ಕೇಳಿದರು. ಮೊದಲು ಬಂಡೆಯೊಂದೇ ಅವನನ್ನು ಹಿಡಿದಿತ್ತು, ಈಗ ಭಕ್ತರೂ ಹಿಡಿದರು. ಇನ್ನು ಧೈರ್ಯ ಬಂದರೂ ಇಳಿಯುವ ಹಾಗಿರಲಿಲ್ಲ.

ಕೆಳಗಿನವರಲ್ಲಿ ನಿಜ ಗೊತ್ತಿದ್ದದ್ದು ಜಾಫುವಿಗೆ ಮಾತ್ರ. ಭಾನುವಾರ ಯಾತ್ರಿಕರೆಲ್ಲ ಹೋದ ಮೇಲೆ ಬಂಡೆಯ ಬುಡಕ್ಕೆ ಬಂದು, ಇಂಜೆರಾ ರೊಟ್ಟಿಯ ಬುಟ್ಟಿಯನ್ನು ಹಗ್ಗಕ್ಕೆ ಕಟ್ಟಿ, ಅಲ್ಲಿಂದಲೇ ಸಂಸಾರ ನಡೆಸುತ್ತಿದ್ದಳು.

"ಏನಯ್ಯಾ, ಇವತ್ತಾದ್ರೂ ಇಳೀತೀಯಾ?"

"ಮೋಡ ಇದೆ ಕಣೇ."

"ಬೇರೆಯವರ ಗಂಡಂದಿರು ಇನ್ನೊಬ್ಬಳ ಹಿಂದೆ ಹೋಗ್ತಾರೆ. ನನ್ನ ಗಂಡ ಹೆಂಗಸರೇ ಇಲ್ಲದ ಕಡೆ ಹೋಗಿ ಕೂತ. ಯಾರ ಜುಟ್ಟು ಹಿಡಿದು ಜಗಳ ಆಡ್ಲಿ?"

ಮಗಳಿಗೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ಅಂಜುಬುರುಕನ ಮಗಳಾಗುವ ಬದಲು ಸಂತನ ಮಗಳಾಗಿರಲಿ ಎಂದು. ಅಂಚಿಗೆ ಬಂದು ಬಗ್ಗಿ ನೋಡಲಾರದ ಅಪ್ಪನಿಗೆ ಬಂಡೆಯ ಬುಡದಿಂದ ಕೂಗುವ ಮಗಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಅಜ್ಮೆರಾಗೆ ಹತ್ತೊಂಬತ್ತು ತುಂಬುವ ಹೊತ್ತಿಗೆ ಗಂಡಿನ ಕಡೆಯ ಮೂವರು ಹಿರಿಯರು ಹೆಣ್ಣು ಕೇಳಲು ಬಂದರು. ಕೇಳಬೇಕಾದ್ದು ತಂದೆಯನ್ನು. ತಂದೆ ಮೇಲೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬೊಬ್ಬರಾಗಿ ಹೊರಟರು. ಬೀಗರ ಪ್ರಾಣ ಕೈಯಲ್ಲಿ ಹಿಡಿದು ಸಂಬಂಧ ಮಾತಾಡಿದ ಹೆಣ್ಣಿನ ತಂದೆ ನಮ್ಮ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. ಮೊದಲನೆಯವರು ಅರ್ಧದಲ್ಲಿ ತೂಗುತ್ತಿದ್ದಾಗ ಹಗ್ಗ ನಿಂತಿತು.

"ಹುಡುಗ ಕುಡೀತಾನಾ?"

"ಹಬ್ಬಕ್ಕೆ ಮಾತ್ರ. ಎಳಿಯಪ್ಪಾ."

"ಕೈ ಮಾಡ್ತಾನಾ?"

"ಇರುವೆ ಮೇಲೂ ಮಾಡಲ್ಲ. ನಿನ್ನ ದಮ್ಮಯ್ಯ, ಎಳಿ."

ಸಂಬಂಧ ಕುದುರಿತು.

ತೊಡಕು ಬಂದದ್ದು ಮದುವೆಯ ದಿನ. ಗಂಡನ ಮನೆಗೆ ಹೊರಡುವ ಮುನ್ನ ಮದುಮಗಳು ಅಪ್ಪ ಅಮ್ಮನ ಮೊಣಕಾಲಿಗೆ ಮುತ್ತಿಟ್ಟು ಆಶೀರ್ವಾದ ಪಡೆಯಬೇಕು. ಅಮ್ಮನದಾಯಿತು. ಸಿಂಗರಿಸಿದ ಹೇಸರಗತ್ತೆ ಕಾದು ನಿಂತಿತ್ತು. ಅಜ್ಮೆರಾ ಹತ್ತಲಿಲ್ಲ.

"ಅಪ್ಪನ ಆಶೀರ್ವಾದ ಇಲ್ಲದೆ ನಾನು ಹೋಗಲ್ಲ."

"ಅವರದು ವ್ರತ ಕಣಮ್ಮ" ಎಂದರು ಹಿರಿಯರು. "ಗಂಡಿನವರ ಹೇಸರಗತ್ತೆ ಖಾಲಿ ಹೋದ್ರೆ ಸಂಬಂಧ ಮುರೀತು ಅಂತಲೇ ಅರ್ಥ."

"ಮುರೀಲಿ."

ಮದುವೆಯ ದಿಬ್ಬಣವೇ ಬಂಡೆಯ ಬುಡಕ್ಕೆ ಬಂತು. ಜಾಫು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಏನಯ್ಯಾ, ನೆಲ ಮುಟ್ಟಬಾರದು, ಅಷ್ಟೇ ತಾನೆ ನಿನ್ನ ವ್ರತ? ಹಗ್ಗದಲ್ಲಿ ನೇತಾಡು. ನೆಲಕ್ಕೆ ನಾಲ್ಕು ಮೊಳ ಮೇಲೇ ಇರು. ಮಗಳು ಮುತ್ತಿಟ್ಟುಕೊಳ್ಳಲಿ."

ಜನ ಭೇಷ್ ಎಂದರು. ಉಳಿದಿದ್ದ ಒಂದೇ ನೆವವನ್ನು ಹೆಂಡತಿ ಹೀಗೆ ಎಲ್ಲರೆದುರು ಕಿತ್ತುಕೊಂಡಿದ್ದಳು.

ಕೊನೆಗೆ ಆರು ಮಂದಿ ಎಳೆಯ ಪಾದ್ರಿಗಳು ಹಗ್ಗ ಹಿಡಿದರು. ತಲೆಯ ಮೇಲೆ ಶಾಲು ಹೊದ್ದು, ಮುಖ ಮುಚ್ಚಿಕೊಂಡು ವೆಲ್ದಾಯ್ ಇಳಿದ. "ಧ್ಯಾನದಲ್ಲಿದ್ದಾರೆ" ಎಂದು ಜನ ತಲೆ ಬಾಗಿಸಿದರು. ಹೆಂಗಸರು ನಾಲಿಗೆ ಆಡಿಸುತ್ತ ಹರ್ಷದ ಉಲುಲು ದನಿ ತೆಗೆದರು. ನೆಲದಿಂದ ನಾಲ್ಕು ಮೊಳ ಮೇಲೆ ಹಗ್ಗ ನಿಂತಿತು. ಮದುಮಗ ಕಾಹ್ಸಾಯ್ ಹೆಂಡತಿಯನ್ನು ಎತ್ತಿ ಹಿಡಿದ. ಅಜ್ಮೆರಾ ಅಪ್ಪನ ಮೊಣಕಾಲು ತಬ್ಬಿಕೊಂಡಳು.

"ನಡುಗ್ತಾ ಇದ್ದೀಯಲ್ಲಪ್ಪಾ" ಎಂದಳು, ಆ ಉಲುಲು ಸದ್ದಿನಲ್ಲಿ ಎತ್ತಿ ಹಿಡಿದ ಗಂಡನಿಗೂ ಕೇಳಿಸದಷ್ಟು ಮೆಲ್ಲಗೆ.

"ಗಾಳಿ ಕಣಮ್ಮ."

"ಗಾಳಿ ಇಲ್ಲ. ಹೆದರಿಕೆನಾ?"

"ಹೂಂ."

"ವ್ರತ?"

"ಅದು ಜನ ಹೇಳಿದ್ದು. ನನಗಿದ್ದದ್ದು ಬರೀ ಹೆದರಿಕೆ."

ಅಜ್ಮೆರಾ ಕೆಳಗಿನ ನೆಲ ನೋಡಿದಳು. "ನಾಲ್ಕೇ ಮೊಳ. ಇಳಿದುಬಿಡು."

"ಇಷ್ಟು ಜನರ ಮುಂದೆನಾ?"

ಮೂವತ್ತೈದು ಮೊಳಕ್ಕಿಂತ ಆ ನಾಲ್ಕು ಮೊಳ ಆಳವಾಗಿತ್ತು. ಅವಳಿಗೂ ಅದು ಕಂಡಿತು.

"ಹೋಗಲಿ, ಕಣ್ಣಾದ್ರೂ ಬಿಡು. ಕೆಳಗೆ ನೋಡಬೇಡ, ನನ್ನನ್ನ ನೋಡು."

"ನೀನಿರೋದೇ ಕೆಳಗಲ್ವೇನಮ್ಮಾ."

ಆದರೂ ಶಾಲು ಸರಿಸಿ, ಒಂದು ಕಣ್ಣು ಬಿಟ್ಟ. ಆಮೇಲೆ ಇನ್ನೊಂದು. ಮಗಳ ಮುಖ ನೋಡಿದ. ನೋಡುತ್ತಲೇ ಇದ್ದ. ಮೇಲಿನವರ ಕೈ ಸೋತು ಹಗ್ಗ ನಡುಗತೊಡಗಿತು. ಅಜ್ಮೆರಾ ಎರಡೂ ಮೊಣಕಾಲಿಗೆ ಮುತ್ತಿಟ್ಟು, ಜನರತ್ತ ತಿರುಗಿ ಗಟ್ಟಿಯಾಗಿ ಹೇಳಿದಳು:

"ಆಶೀರ್ವಾದ ಆಯ್ತು. ಮೇಲೆಳೀರಿ."

ವೆಲ್ದಾಯ್ ಮೇಲೇರಿದ. ಅವನ ಶಾಲು ಜಾರಿ ಬಿತ್ತು. ಭಕ್ತರು ಅದನ್ನು ಚೂರು ಚೂರಾಗಿ ಹರಿದು ಹಂಚಿಕೊಂಡರು. ಮುಂದಿನ ಭಾನುವಾರ ಯಾತ್ರಿಕರ ಸಾಲು ಎರಡರಷ್ಟಾಯಿತು.

ದಾರಿಯಲ್ಲಿ ಕಾಹ್ಸಾಯ್ ಕುತೂಹಲ ತಡೆಯಲಾರದೆ ಕೇಳಿದ: "ಮಾವ ಏನಂತ ಹರಸಿದ್ರು?"

ಹರಸಲು ವೆಲ್ದಾಯ್ ಮರೆತೇಬಿಟ್ಟಿದ್ದ. ಅಜ್ಮೆರಾ ಹೇಸರಗತ್ತೆಯ ಮೇಲೆ ನೆಟ್ಟಗೆ ಕೂತು, "ಚೆನ್ನಾಗಿ ಬಾಳಿ ಅಂದ್ರು" ಎಂದಳು.