ಬ್ಯಾಟರಿಗೆ ಹೇಳಿದ ‘ನೋಡಾನ್ರಿ’

ಚನ್ನಗಿರಿಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ. ಇಪ್ಪತ್ತೈದು ವರ್ಷ ಟ್ರ್ಯಾಕ್ಟರ್ ಬ್ಯಾಟರಿಗೆ ನೀರು ಹಾಕಿ, ಚಾರ್ಜಿಗಿಟ್ಟು, ಆಸಿಡ್ ಬಿದ್ದು ತೂತಾದ ಅಂಗಿಯನ್ನೇ ತೊಟ್ಟು ತಿರುಗಿದವನು ನಾನು. ಈಗ ಕಾಲ ಬದಲಾಗಿದೆ. ಎಲೆಕ್ಟ್ರಿಕ್ ಕಾರುಗಳಿಂದ ಬಿಚ್ಚಿದ ಲಿಥಿಯಂ ಸೆಲ್ಲುಗಳನ್ನು ಜೋಡಿಸಿ, ಚೆಂದದ ಡಬ್ಬಿಯಲ್ಲಿ ಕೂರಿಸಿ, ಮೇಲೊಂದು ಹೊಳೆಯುವ ಸ್ಟಿಕ್ಕರ್ ಅಂಟಿಸಿ ‘ಪ್ಯಾಕು’ ಎಂದು ಮಾರುತ್ತಾರೆ. ಜನ ಮೊಬೈಲಿನಲ್ಲಿ ನೋಡಿ ತರಿಸುತ್ತಾರೆ. ತರಿಸಿದ ಮೇಲೆ ಎದೆ ಡವಗುಟ್ಟಲು ಶುರುವಾಗಿ ನನಗೆ ಫೋನ್ ಮಾಡುತ್ತಾರೆ. “ಸ್ವಲ್ಪ ಬಂದು ನೋಡ್ರಿ, ಬಾಳಿಕೆ ಬರ್ತೈತೋ ಇಲ್ಲೋ.” ತರಿಸುವ ಮೊದಲು ಕೇಳಬೇಕಿತ್ತು ಎಂದು ಬೈಯುತ್ತೇನೆ. ಬೈದು, ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಹೊರಡುತ್ತೇನೆ.

ಹಳೆಯ ಬ್ಯಾಟರಿಗಾದರೆ ವಯರ್ ತಾಗಿಸಿ, ಕಿಡಿ ನೋಡಿಯೇ ಹೇಳಿಬಿಡಬಹುದಿತ್ತು. ಇವು ಶುದ್ಧ ಗುಮ್ಮನಗುಸುಕಗಳು. ತುಂಬಿದಾಗ ಎಷ್ಟು ವೋಲ್ಟೇಜು ತೋರಿಸುತ್ತವೋ, ಮುಕ್ಕಾಲು ಖಾಲಿಯಾದಾಗಲೂ ಹೆಚ್ಚು ಕಡಿಮೆ ಅಷ್ಟೇ ತೋರಿಸಿ, ಕೊನೆಗೆ ಒಮ್ಮೆಲೇ ಕೈ ಎತ್ತಿಬಿಡುತ್ತವೆ. ಅದಕ್ಕೇ ನಾನು ಮೊದಲು ಮುಚ್ಚಳ ಬಿಚ್ಚಿ ನೋಡುತ್ತೇನೆ. ಸೆಲ್ಲು ಉಬ್ಬಿದೆಯಾ, ಹಳೆಯ ನಂಬರನ್ನು ಉಜ್ಜಿ ಅಳಿಸಿದ್ದಾರಾ, ಎಲ್ಲವೂ ಒಂದೇ ಕಾರಿನವೋ ಅಥವಾ ಹತ್ತು ಕಡೆಯಿಂದ ಆಯ್ದು ತಂದದ್ದೋ. ಆಮೇಲೆ ಪೂರ್ತಿ ಚಾರ್ಜಾದ ಪ್ಯಾಕಿಗೆ ಲಾರಿಯ ಐದು ಹೆಡ್‌ಲೈಟ್ ಬಲ್ಬು ಕಟ್ಟಿ, ಅವು ಆರುವವರೆಗೆ ಗಡಿಯಾರ ನೋಡುತ್ತಾ ಕೂರುತ್ತೇನೆ. ನಡುನಡುವೆ ಒಂದೊಂದೇ ಸೆಲ್ಲಿಗೆ ಮೀಟರ್ ಹಿಡಿದು, ಯಾವುದು ಮೊದಲು ಸೋಲುತ್ತದೆ ಎಂದು ಬರೆದುಕೊಳ್ಳುತ್ತೇನೆ. ಇದಕ್ಕೆ ನಾಲ್ಕೈದು ತಾಸು ಬೇಕು. ‘ಅಂಗಡಿಗೇ ತನ್ನಿ’ ಎನ್ನಬಹುದು. ಎನ್ನುವುದಿಲ್ಲ. ಯಾಕೆಂದರೆ ಆ ನಾಲ್ಕೈದು ತಾಸು ನಾನು ಯಾರದೋ ಮನೆಯಲ್ಲಿ ಕೂತಿರುತ್ತೇನೆ.

ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ. ಅವಳಿದ್ದಾಗ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, “ಇವತ್ತು ಎಷ್ಟು ಸತ್ತಿದ್ವು?” ಎಂದು ರೇಗಿಸುತ್ತಿದ್ದಳು. ಬ್ಯಾಟರಿಗಳ ಸಮಾಚಾರ ಅದು. ಈಗ ಒಬ್ಬನಿಗಾಗಿ ಮುದ್ದೆ ತಿರುವಲು ಬೇಸರವಾಗಿ ಕುಕ್ಕರಿನಲ್ಲಿ ಅನ್ನಕ್ಕಿಡುತ್ತೇನೆ. “ಕೂಗೇ, ನಿಂಗೇನಾಗೈತೆ ಧಾಡಿ?” ಎಂದು ಕುಕ್ಕರಿಗೆ ಬೈದದ್ದೂ ಇದೆ. ನಗಬೇಡಿ. ಒಂಟಿತನ ಕಂಡರೆ ನನಗೆ ಭಯ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಆದರೆ ಬ್ಯಾಟರಿ ನೋಡುವವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಒಳ್ಳೆಯದೆಂದರೆ ನನ್ನ ಕೆಲಸ ಮುಗಿಯಿತು, ಕೆಟ್ಟದೆಂದರೆ ನಾನೇ ಕೆಟ್ಟವನು. ನ್ಯಾಮತಿ ಕಡೆಯ ಗೋವಿನಕೋವಿಯಲ್ಲಿ ಒಬ್ಬರ ಪ್ಯಾಕಿನ ಎರಡು ಸೆಲ್ಲು ಉಬ್ಬಿ ಕೂತಿದ್ದವು. “ಇದರಾಗೆ ಜೀವ ಇಲ್ಲ ಸ್ವಾಮಿ, ಮೊದಲು ಮನೆಯಿಂದ ಹೊರಗಿಡ್ರಿ” ಎಂದೆ. “ನೀವು ಮುಟ್ಟೋ ಗಂಟ ಚೆನ್ನಾಗೇ ಇತ್ತಲ್ರೀ” ಎಂದರು. ಆಹಾ! ನನ್ನ ಕೈ ತಾಗಿ ಅದರ ಹೊಟ್ಟೆ ಉಬ್ಬಿತು! ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಹೀಗಿರುವಾಗ ಜಗಳೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಂಡ ಜಲ್ಲಿ ಕ್ರಷರಿನಲ್ಲಿ ದುಡಿದೂ ದುಡಿದೂ ಎದೆಯೊಳಗೆ ಧೂಳು ತುಂಬಿಕೊಂಡವನು. ಹಗಲೂ ರಾತ್ರಿ ಆಕ್ಸಿಜನ್ ಮಷೀನಿನ ನಳಿಕೆ ಮೂಗಿಗಿರಬೇಕು. ಕರೆಂಟ್ ಹೋದಾಗೆಲ್ಲ ಆಕೆ ಓಡಿಹೋಗಿ ಸಿಲಿಂಡರ್ ಜೋಡಿಸಬೇಕು, ಅದರ ವಾಲ್ವು ತಿರುಗಿಸುವ ಬಲ ಆತನ ಕೈಗಿಲ್ಲ. ಅದಕ್ಕೆಂದೇ ಒಂದು ಪ್ಯಾಕು ತರಿಸಿ, ಕರೆಂಟ್ ಹೋದರೆ ತಾನಾಗಿಯೇ ಮಷೀನು ನಡೆಯುವ ಹಾಗೆ ಮಾಡಿಸಿದ್ದಳು. ಆದರೆ ಅದನ್ನು ನಂಬಿ ಇನ್ನೂ ಹೊಸಿಲು ದಾಟಿರಲಿಲ್ಲ.

ಬಾಗಿಲಲ್ಲೇ ಹೇಳಿದಳು. “ಅಣ್ಣಾ, ನಮ್ಮವ್ವ ಹೊನ್ನಾಳಿಯಾಗೆ ಹಾಸಿಗೆ ಹಿಡಿದೈತೆ. ಯುಗಾದಿಯಿಂದ ಮಕ ನೋಡಿಲ್ಲ. ಬೆಳಗ್ಗೆ ಹೋಗಿ ಸಂಜೀಗೆ ಬಂದ್ಬಿಡ್ತೀನಿ. ನೀವು ಹೂಂ ಅಂದ್ರೆ ನಾಳೇನೇ ಬಸ್ ಹತ್ತಾಕೆ ತಯಾರಿದ್ದೀನಿ.”

ಪಡಸಾಲೆಯಲ್ಲಿ ಬಲ್ಬು ಹಚ್ಚಿ ಕೂತೆ. ಸೆಲ್ಲುಗಳು ಹಳೆಯವೇ ಆದರೂ ಒಂದೇ ಕಾರಿನವು, ಅಚ್ಚುಕಟ್ಟಾಗಿ ಜೋಡಿಸಿದ್ದರು. ಗಂಡ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದ. ಮೂರಾಟದಲ್ಲೂ ನನ್ನನ್ನು ಸೋಲಿಸಿ, ಏದುಸಿರಲ್ಲೇ, “ಬ್ಯಾಟ್ರಿ ಬಿಡ್ರಿ, ಮೊದ್ಲು ನಿಮ್ಮನ್ನ ಚಾರ್ಜಿಗೆ ಹಾಕ್ಬೇಕು” ಎಂದು ನಕ್ಕ. ಆಕೆ ಹೊಲಿಗೆ ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿ, ಗಡ್ಡೆ ಮೊಸರು ತಂದಿಟ್ಟಳು. ಸಾಕೆಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದಳು. ಬೇರೆಯವರು ತಟ್ಟಿದ ರೊಟ್ಟಿಯನ್ನು, ಇಬ್ಬರ ಮಾತು ಕೇಳುತ್ತಾ ತಿಂದು ಎಷ್ಟು ದಿನವಾಗಿತ್ತೋ! ಖಾರ ಎಂದು ನೀರು ಕೇಳಿದೆ.

ಐದು ತಾಸು ಹತ್ತು ನಿಮಿಷಕ್ಕೆ ಬಲ್ಬು ಆರಿದವು. ಎಂಟೂ ಸೆಲ್ಲು ಕೊನೆಯವರೆಗೆ ಸಮ ಸಮ ಬಂದಿದ್ದವು. ಅಂಥ ಪ್ಯಾಕು ನಾನು ನೋಡಿದ್ದೇ ಅಪರೂಪ. ಆಕ್ಸಿಜನ್ ಮಷೀನು ಎಳೆಯುವುದೂ ಹೆಚ್ಚು ಕಡಿಮೆ ಆ ಐದು ಬಲ್ಬಿನಷ್ಟೇ. ಅಲ್ಲಿ ಕರೆಂಟ್ ಒಮ್ಮೆ ಹೋದರೆ ಹೆಚ್ಚೆಂದರೆ ಮೂರು ನಾಲ್ಕು ತಾಸು. ಕಣ್ಣು ಮುಚ್ಚಿ ಹೂಂ ಎನ್ನಬಹುದಿತ್ತು.

“ಬಾಳಿಕೆ ಐತೇನಣ್ಣಾ?” ಆಕೆ ಕೈಯಲ್ಲಿ ಕತ್ತರಿ ಹಿಡಿದೇ ಬಂದು ನಿಂತಿದ್ದಳು.

ಹೂಂ ಎಂದರೆ ಚೀಲ ಕಟ್ಟಬೇಕು. ಮತ್ತೆ ಈ ಮನೆಗೆ ಬರಲು ನನಗೆ ಏನು ನೆಪ? ತಪ್ಪು ತಿಳಿಯಬೇಡಿ, ಆಕೆಯ ಮೇಲೆ ನನಗೆ ಕಣ್ಣಿರಲಿಲ್ಲ. ಆ ಪಡಸಾಲೆ, ಆ ಆಟ, ‘ಇನ್ನೊಂದು ಹಾಕ್ಕಳ್ರಿ’ ಎಂಬ ಆ ಒತ್ತಾಯ, ಇವುಗಳ ಮೇಲಿತ್ತು.

“ಹಳೇ ಸೆಲ್ಲು ನೋಡ್ರಿ ತಾಯಿ,” ಎಂದೆ. “ಎರಡು ವಾರ ಬಿಟ್ಟು ಇನ್ನೊಂದು ಸಲ ನೋಡಾನ್ರಿ.”

ನಮ್ಮ ಕಡೆ ‘ನೋಡಾನ್ರಿ’ ಎಂದರೆ ಏನೆಂದು ಹಸುಗೂಸಿಗೂ ಗೊತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ‘ನೋಡಾನ್ರಿ’ ಎಂದರೆ, ಹೆಣ್ಣಿನ ತಾಯಿ ಮರು ಮಾತಾಡದೆ ತಟ್ಟೆ ಎತ್ತಿಡುತ್ತಾಳೆ. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನಲಾರದವರ ‘ಇಲ್ಲ’ ಅದು. ನಾನೂ ಇಲ್ಲೇ ಹುಟ್ಟಿ ಬೆಳೆದವನು, ನನಗೆ ತಿಳಿಯದ್ದೇನಲ್ಲ. ಆಕೆಯ ಮುಖ ಇಳಿದದ್ದನ್ನು ಕಂಡೆ. “ಆತು ಬಿಡ್ರಿ ಅಣ್ಣಾ” ಎಂದಳು. ಎರಡು ವಾರ ತಾನೆ, ಆಕಾಶವೇನು ಕಳಚಿ ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಖುಷಿಯಾಗಿಯೇ ಇದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

ಆ ಎರಡು ವಾರದಲ್ಲಿ ತ್ಯಾವಣಿಗೆಯಲ್ಲೊಂದು ಪ್ಯಾಕು ನೋಡಿದೆ. ಅಲ್ಲಿ ಚಹಾ ಕೂಡ ಕೊಡಲಿಲ್ಲ. ಬೇಸರವಾಗಲಿಲ್ಲ. ಕ್ಯಾಲೆಂಡರಿನಲ್ಲಿ ಜಗಳೂರಿನ ದಿನಕ್ಕೆ ಗುರುತು ಹಾಕಿ ದಿನ ಎಣಿಸುತ್ತಿದ್ದೆ. ಆ ದಿನ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋದೆ.

ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಗಂಡ ಮಂಚದ ಮೇಲಿದ್ದ, ಆಕೆ ಗೋಡೆಗೊರಗಿ ಕೂತಿದ್ದಳು. ನಾನು ನಗುತ್ತಾ ಚೀಲ ಇಳಿಸಿದೆ. ಗಂಡನೇ ಮೆಲ್ಲಗೆ ಹೇಳಿದ. “ಅವರವ್ವ ತೀರ್ಕಂಡ್ರು. ಒಂಬತ್ತು ದಿನ ಆತು.”

ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ.

“ಕೊನೇ ನಾಕು ದಿನ ನನ್ನ ಹೆಸರೇ ಹಿಡ್ಕಂಡು ಕರೀತಿತ್ತಂತೆ,” ಆಕೆ ನನ್ನತ್ತ ನೋಡದೆ ಹೇಳಿದಳು. “ಮಕ ನೋಡಾಕೆ ಹೋಗಾಕಾಗ್ಲಿಲ್ಲ, ಮಣ್ಣಿಗೆ ಹೋದೆ. ಅವತ್ತು ಏನಾದ್ರಾಗ್ಲಿ ಅಂತ ಇವ್ರನ್ನ ಆ ಬ್ಯಾಟ್ರಿ ಮ್ಯಾಲೇ ಬಿಟ್ಟು ಹೋಗಿದ್ದೆ.”

“ಕರೆಂಟ್ ಹೋಗಿತ್ತೇನ್ರಿ?” ಎಂದೆ. ಅದನ್ನು ಯಾಕೆ ಕೇಳಿದೆನೋ!

“ಮಧ್ಯಾಹ್ನ ಹೋಗಿದ್ದು ನಾಕು ತಾಸಿಗೆ ಬಂತಂತೆ. ಇವ್ರು ನಿದ್ದೆ ಮಾಡ್ತಿದ್ರಂತೆ. ಗೊತ್ತೇ ಆಗಿಲ್ಲ.” ಈಗ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಆಕೆಗೆ. “ಅಣ್ಣಾ, ಅವತ್ತು ಅದರಾಗೆ ನಿಮಗೆ ಏನು ಕಮ್ಮಿ ಕಂಡಿತ್ತು?”

ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಸೆಲ್ಲು, ವೋಲ್ಟೇಜು, ಸೋರಿಕೆ, ಆಕೆಗೆ ತಿಳಿಯದ ನೂರು ಮಾತು. ಯಾವುದನ್ನು ಹೇಳಿದ್ದರೂ ಆಕೆ ನಂಬುತ್ತಿದ್ದಳು. ಅವ್ವನ ಮುಖ ನೋಡದೆ ಹೋದದ್ದಕ್ಕೆ ಒಂದು ಸಮಾಧಾನವೂ ಸಿಗುತ್ತಿತ್ತೇನೋ. ಆದರೆ ಅವತ್ತು ಹೇಳಿದ ಆ ಒಂದು ಸುಳ್ಳೇ ಸಾಕಾಗಿತ್ತು ನನಗೆ.

“ಏನೂ ಕಮ್ಮಿ ಇರಲಿಲ್ಲ ತಾಯಿ. ಬಂಗಾರದಂಥ ಪ್ಯಾಕು.”

“ಮತ್ತೆ?”

“ಇನ್ನೊಂದು ಸಲ ಇಲ್ಲಿಗೆ ಬರಾಕೆ ಹಂಗೆ ಅಂದೆ. ನಮ್ಮ ಮನ್ಯಾಗೆ ಯಾರೂ ಇಲ್ಲ.”

ಗಂಡ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡ. ಮಷೀನು ಬುಸ್ ಬುಸ್ ಎನ್ನುತ್ತಿತ್ತು. ಆಕೆ ಬೈದಿದ್ದರೆ, ಅವತ್ತು ಕೈಯಲ್ಲಿದ್ದ ಆ ಕತ್ತರಿಯನ್ನೇ ನನ್ನ ಮೇಲೆ ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ನಾನು ಕುಡಿಯುವವರೆಗೆ ಕಾದಳು.

ಚೀಲ ಎತ್ತಿಕೊಂಡು, “ಬರ್ತೀನಿ ತಾಯಿ” ಎಂದೆ.

“ಹೋಗ್ರಿ” ಎಂದಳು. ‘ಹೋಗಿ ಬರ್ರಿ’ ಎನ್ನಲಿಲ್ಲ.